ಕಾಂಡಕೋಶವನ್ನು ಮೃದ್ವಸ್ಥಿಯತ್ತ ತಿರುಗಿಸುವುದು: ಗ್ರೋತ್ ಫ್ಯಾಕ್ಟರ್ ಪ್ರಯೋಗಕ್ಕೊಂದು ಸಮಗ್ರ ಮಾರ್ಗದರ್ಶಿ

ಕಲಬುರಗಿಯಲ್ಲಿ ಕೋಶಗಳನ್ನು ಬೆಳೆಸುವ ಕೆಲಸಕ್ಕೆ ಕೈಹಾಕಿದವರು ಮೊದಲ ಬೇಸಿಗೆಯಲ್ಲಿಯೇ ಕಲಿಯುವ ಪಾಠವೊಂದಿದೆ: ಇನ್‌ಕ್ಯುಬೇಟರ್ ಎಂಬ ಪೆಟ್ಟಿಗೆಗೆ ಬಿಸಿ ಮಾಡುವುದು ಗೊತ್ತು, ತಂಪು ಮಾಡುವುದು ಗೊತ್ತಿಲ್ಲ. 37 ಡಿಗ್ರಿಗೆ ಇಟ್ಟ ಸಾಮಾನ್ಯ ಇನ್‌ಕ್ಯುಬೇಟರ್ ಆ ಉಷ್ಣತೆಯನ್ನು ಕಾಯ್ದುಕೊಳ್ಳಬೇಕಾದರೆ ಅದು ನಿಂತಿರುವ ಕೋಣೆ ಸುಮಾರು 5 ಡಿಗ್ರಿಯಾದರೂ ಅದಕ್ಕಿಂತ ತಂಪಾಗಿರಬೇಕು. ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋಗಿ, ಎ.ಸಿ. ನಿಂತು, ಇನ್‌ಕ್ಯುಬೇಟರ್ ಮಾತ್ರ ಯುಪಿಎಸ್ ಮೇಲೆ ಓಡುತ್ತಿದ್ದರೆ ಒಳಗಿನ ಕೋಶಗಳು ಸದ್ದಿಲ್ಲದೆ 39, 40 ಡಿಗ್ರಿಗೆ ಏರುತ್ತವೆ. ಅವು ಸಾಯುವುದಿಲ್ಲ, ಆದರೆ ಮೂರು ವಾರದ ನಂತರ ಬರುವ ಫಲಿತಾಂಶವನ್ನು ನಂಬುವ ಹಾಗೂ ಇರುವುದಿಲ್ಲ.

ಮಾರ್ಗದರ್ಶಿಯನ್ನು ಇಲ್ಲಿಂದಲೇ ಆರಂಭಿಸಲು ಕಾರಣವಿದೆ. ಕಾಂಡಕೋಶಗಳ, ಅಂದರೆ ಬೇರೆಬೇರೆ ಬಗೆಯ ಕೋಶಗಳಾಗಿ ತಿರುಗಬಲ್ಲ ಕೋಶಗಳ, ಪಾಠ ಬಂದಾಗ ನಮ್ಮ ವಿದ್ಯಾರ್ಥಿಗಳು ಒಂದು ಕೋಷ್ಟಕವನ್ನು ಬಾಯಿಪಾಠ ಮಾಡುತ್ತಾರೆ. ಇಂಥ ಗ್ರೋತ್ ಫ್ಯಾಕ್ಟರ್ (ಕೋಶಕ್ಕೆ ಸಂದೇಶ ಕೊಡುವ ಪ್ರೋಟೀನು) ಹಾಕಿದರೆ ಮೂಳೆ, ಇಂಥದ್ದು ಹಾಕಿದರೆ ಮೃದ್ವಸ್ಥಿ, ಇನ್ನೊಂದು ಹಾಕಿದರೆ ಕೆಂಪು ರಕ್ತಕಣ. ಪರೀಕ್ಷೆಗೆ ಅಷ್ಟು ಸಾಕು, ಪ್ರಯೋಗಾಲಯಕ್ಕೆ ಅದು ಅರ್ಧ ಸತ್ಯ ಮಾತ್ರ. ಆ ಫ್ಯಾಕ್ಟರ್ ಯಾವ ಸ್ಥಿತಿಯಲ್ಲಿದ್ದ ಕೋಶಕ್ಕೆ, ಎಷ್ಟು ಪ್ರಮಾಣದಲ್ಲಿ, ಎಷ್ಟು ದಿನ, ಕೆಡದೆ ತಲುಪಿತು ಎಂಬುದರ ಮೇಲೆ ಉಳಿದರ್ಧ ನಿಂತಿದೆ. ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಎಂ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟ್ ಅಥವಾ ಸಂಶೋಧನೆಯ ಮೊದಲ ವರ್ಷದಲ್ಲಿ ಇರುವವರು ಗ್ರೋತ್ ಫ್ಯಾಕ್ಟರ್ ಕೊಟ್ಟು ಕಾಂಡಕೋಶವನ್ನು ಮೃದ್ವಸ್ಥಿಯಾಗಿಸುವ ಪ್ರಯೋಗವನ್ನು ಒಂದೊಂದೇ ಹಂತವಾಗಿ ಮಾಡಿ ಮುಗಿಸಲು ಬೇಕಾದುದನ್ನು ಇಲ್ಲಿ ಬರೆದಿದ್ದೇನೆ. ಕೋಶ ಬೆಳೆಸುವ ಮೂಲ ಕೌಶಲಗಳು, ಅಂದರೆ ಹುಡ್‌ನಲ್ಲಿ ಶುದ್ಧವಾಗಿ ಕೆಲಸ ಮಾಡುವುದು, ಟ್ರಿಪ್ಸಿನ್ ಹಾಕಿ ಕೋಶ ಬಿಡಿಸುವುದು, ಎಣಿಸುವುದು, ನಿಮಗೆ ಬರುತ್ತವೆ ಎಂದು ಭಾವಿಸಿದ್ದೇನೆ.

ಮೃದ್ವಸ್ಥಿಯನ್ನೇ ಏಕೆ ಆರಿಸಬೇಕು

ಮಾನವ ಅಸ್ಥಿಮಜ್ಜೆಯ ಮೆಸೆಂಕೈಮಲ್ ಕಾಂಡಕೋಶಗಳು ಮೂಳೆ, ಕೊಬ್ಬು, ಮೃದ್ವಸ್ಥಿ ಈ ಮೂರೂ ದಾರಿಗಳನ್ನು ಹಿಡಿಯಬಲ್ಲವು ಎಂಬುದನ್ನು 1999ರಲ್ಲಿ ಮಾರ್ಕ್ ಪಿಟೆಂಗರ್ ಮತ್ತು ಸಂಗಡಿಗರು ಒಂದೇ ಲೇಖನದಲ್ಲಿ ತೋರಿಸಿದರು. ಅಂದಿನಿಂದ ಈ ಮೂರು ಪ್ರಯೋಗಗಳು ಎಲ್ಲ ಪ್ರಯೋಗಾಲಯಗಳ ಮೊದಲ ಪಾಠವಾಗಿವೆ. ಹೆಚ್ಚಿನವರು ಮೂಳೆಯಿಂದ ಶುರು ಮಾಡುತ್ತಾರೆ, ಏಕೆಂದರೆ ಅದು ಸುಲಭ. ನನ್ನ ಸಲಹೆ ಬೇರೆ. ಮೂಳೆ ಮತ್ತು ಕೊಬ್ಬಿನ ಸಾಮಾನ್ಯ ಮಿಶ್ರಣಗಳ ಚೀಟಿಯನ್ನು ಓದಿ ನೋಡಿದರೆ ಅವುಗಳಲ್ಲಿ ಗ್ರೋತ್ ಫ್ಯಾಕ್ಟರ್ ಎಂದು ಹೇಳಬಹುದಾದದ್ದು ಬಹುಪಾಲು ಇರುವುದೇ ಇಲ್ಲ. ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ವಿಟಮಿನ್ ಸಿ, ಫಾಸ್ಫೇಟ್, ಇನ್ಸುಲಿನ್ ಇವುಗಳೇ ಅಲ್ಲಿ ಕೆಲಸ ಮಾಡುತ್ತವೆ. ಅದನ್ನು ಮಾಡಿ 'ಗ್ರೋತ್ ಫ್ಯಾಕ್ಟರ್ ಪ್ರಭಾವ' ಎಂದು ಪ್ರಾಜೆಕ್ಟಿಗೆ ತಲೆಬರಹ ಕೊಡುವುದು ಸರಿಯಲ್ಲ. ಮೃದ್ವಸ್ಥಿಯ ಪ್ರಯೋಗದಲ್ಲಾದರೋ ಟಿಜಿಎಫ್-ಬೀಟಾ-3 ಎಂಬ ಒಂದೇ ಪ್ರೋಟೀನನ್ನು ಹಾಕಿದ ಗುಂಪಿಗೂ ಹಾಕದ ಗುಂಪಿಗೂ ಬರಿಗಣ್ಣಿಗೇ ವ್ಯತ್ಯಾಸ ಕಾಣುತ್ತದೆ. ಕಲಿಯುವವನಿಗೆ ಇದಕ್ಕಿಂತ ಸ್ಪಷ್ಟವಾದ ಪ್ರಯೋಗ ಸಿಗುವುದು ಕಷ್ಟ.

ಫ್ಯಾಕ್ಟರ್ ಕೋಶದೊಳಗೆ ಏನು ಮಾಡುತ್ತದೆ

ಗ್ರೋತ್ ಫ್ಯಾಕ್ಟರ್ ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುವಂಥದ್ದು. ರೀಟಾ ಲೆವಿ-ಮೊಂಟಾಲ್ಚಿನಿ ಮತ್ತು ಸ್ಟ್ಯಾನ್ಲಿ ಕೊಹೆನ್ ಅವರಿಗೆ 1986ರ ನೊಬೆಲ್ ತಂದುಕೊಟ್ಟ ಮೊದಮೊದಲಿನ ಫ್ಯಾಕ್ಟರ್‌ಗಳು ಬೆಳವಣಿಗೆಯನ್ನು ಹೆಚ್ಚಿಸುವಂಥವೇ ಆಗಿದ್ದರಿಂದ ಆ ಹೆಸರು ನಿಂತಿತು. ಆದರೆ ಟಿಜಿಎಫ್-ಬೀಟಾ ಅನೇಕ ಬಗೆಯ ಕೋಶಗಳ ವಿಭಜನೆಯನ್ನು ನಿಲ್ಲಿಸುತ್ತದೆ. ಆದ್ದರಿಂದ ಇವನ್ನು ಗೊಬ್ಬರವೆಂದು ತಿಳಿಯದೆ ಸಂದೇಶವೆಂದು ತಿಳಿಯುವುದು ಒಳ್ಳೆಯದು.

ಆ ಸಂದೇಶ ಕೋಶದ ಒಳಗೆ ಹೋಗುವುದಿಲ್ಲ, ಬಾಗಿಲಲ್ಲೇ ನಿಲ್ಲುತ್ತದೆ. ಟಿಜಿಎಫ್-ಬೀಟಾ ಮೊದಲು ಕೋಶಪೊರೆಯ ಎರಡನೇ ಬಗೆಯ ಗ್ರಾಹಕಕ್ಕೆ ಅಂಟಿಕೊಳ್ಳುತ್ತದೆ. ಆ ಗ್ರಾಹಕ ಮೊದಲನೇ ಬಗೆಯ ಗ್ರಾಹಕವನ್ನು ಪಕ್ಕಕ್ಕೆ ಕರೆದುಕೊಂಡು ಅದಕ್ಕೆ ಫಾಸ್ಫೇಟ್ ಸೇರಿಸುತ್ತದೆ. ಎಚ್ಚೆತ್ತ ಆ ಗ್ರಾಹಕವು ಕೋಶದೊಳಗಿನ ಸ್ಮ್ಯಾಡ್-2 ಮತ್ತು ಸ್ಮ್ಯಾಡ್-3 ಪ್ರೋಟೀನುಗಳಿಗೆ ಫಾಸ್ಫೇಟ್ ಕೊಡುತ್ತದೆ. ಅವು ಸ್ಮ್ಯಾಡ್-4ರ ಜೊತೆಗೂಡಿ ಕೋಶಕೇಂದ್ರಕ್ಕೆ ಹೋಗಿ, ಸಾಕ್ಸ್-9 ಎಂಬ ನಿಯಂತ್ರಕ ಪ್ರೋಟೀನಿಗೆ ಬಲ ಕೊಡುತ್ತವೆ. ಎರಡನೇ ಬಗೆಯ ಕೊಲಾಜೆನ್ ಮತ್ತು ಅಗ್ರಿಕ್ಯಾನ್‌ಗಳ ಜೀನುಗಳನ್ನು ತೆರೆಯುವುದು ಸಾಕ್ಸ್-9. ಮೃದ್ವಸ್ಥಿಯ ಗಟ್ಟಿತನ ಕೊಲಾಜೆನ್‌ನದು, ನೀರು ಹಿಡಿದು ಒತ್ತಡ ತಾಳುವ ಗುಣ ಅಗ್ರಿಕ್ಯಾನ್‌ನದು. ಇದೇ ಮನೆತನದ ಬಿಎಂಪಿ-2 ಬೇರೆ ಗ್ರಾಹಕಗಳ ಮೂಲಕ ಸ್ಮ್ಯಾಡ್-1, 5, 8ರ ದಾರಿ ಹಿಡಿದು ರಂಕ್ಸ್-2ನ್ನು ಎಬ್ಬಿಸುತ್ತದೆ, ಅದು ಮೂಳೆಯ ದಾರಿ. ಖನಿಜ ತೆಗೆದ ಮೂಳೆಯ ಚೂರನ್ನು ಪ್ರಾಣಿಯ ಸ್ನಾಯುವಿನಲ್ಲಿ ಹುದುಗಿಸಿದರೆ ಅಲ್ಲಿ ಹೊಸ ಮೂಳೆ ಹುಟ್ಟುತ್ತದೆ ಎಂದು ಮಾರ್ಷಲ್ ಯೂರಿಸ್ಟ್ 1965ರಲ್ಲಿ ತೋರಿಸಿದ್ದು ಈ ಬಿಎಂಪಿಗಳ ಕತೆಯ ಆರಂಭ.

ಒಂದೇ ಫ್ಯಾಕ್ಟರಿಗೆ ಎರಡು ಕೋಶಗಳು ಬೇರೆಬೇರೆಯಾಗಿ ಏಕೆ ಸ್ಪಂದಿಸುತ್ತವೆ ಎಂದು ವಿದ್ಯಾರ್ಥಿಗಳು ಕೇಳಿದಾಗ ನಾನು ಬೀದರಿನ ಬಿದ್ರಿ ಕುಸುರಿಯನ್ನು ನೆನಪಿಸುತ್ತೇನೆ. ಸತುವೇ ಹೆಚ್ಚಾಗಿರುವ ಮಿಶ್ರಲೋಹದ ಹೂಜಿಯ ಮೇಲೆ ಬೆಳ್ಳಿಯ ತಂತಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರ ಕಲಸಿದ ಲೇಪವನ್ನು ಇಡೀ ಹೂಜಿಗೆ ಹಚ್ಚುತ್ತಾರೆ. ಲೇಪ ಎರಡಕ್ಕೂ ಒಂದೇ. ಲೋಹದ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಯಾವುದು ಬದಲಾಗಬೇಕೆಂಬುದನ್ನು ಲೇಪ ಒಂದೇ ತೀರ್ಮಾನಿಸುವುದಿಲ್ಲ, ಲೋಹವೂ ತೀರ್ಮಾನಿಸುತ್ತದೆ. ಕೋಶದ ವಿಷಯದಲ್ಲಿ ಆ ತೀರ್ಮಾನ ಅದರ ಪೊರೆಯ ಮೇಲೆ ಯಾವ ಗ್ರಾಹಕಗಳಿವೆ, ಒಳಗೆ ಯಾವ ಜೀನುಗಳು ತೆರೆಯಲು ಸಿದ್ಧವಾಗಿವೆ, ಕೋಶ ಚಪ್ಪಟೆಯಾಗಿ ಹರಡಿಕೊಂಡಿದೆಯೋ ದುಂಡಗೆ ಗುಂಪಾಗಿದೆಯೋ ಎಂಬುದರಲ್ಲಿದೆ.

ಮೊದಲ ಹಂತ: ಒಪ್ಪಿಗೆ ಮತ್ತು ತಿಂಗಳ ಆಯ್ಕೆ

ಮಾನವ ಕಾಂಡಕೋಶಗಳನ್ನು, ಕೊಂಡು ತಂದವೇ ಆದರೂ, ಬಳಸುವ ಮುನ್ನ ನಿಮ್ಮ ಸಂಸ್ಥೆಯ ಕಾಂಡಕೋಶ ಸಂಶೋಧನಾ ಸಮಿತಿಗೆ ಯೋಜನೆಯನ್ನು ಸಲ್ಲಿಸಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2017ರಲ್ಲಿ ಹೊರಡಿಸಿದ ರಾಷ್ಟ್ರೀಯ ಮಾರ್ಗಸೂಚಿಯನ್ನು ಮಾರ್ಗದರ್ಶಕರೂ ವಿದ್ಯಾರ್ಥಿಯೂ ಒಮ್ಮೆ ಪೂರ್ತಿ ಓದುವುದು ಅವಶ್ಯ. ಈ ಕಾಗದಪತ್ರಕ್ಕೆ ಎಷ್ಟು ಕಾಲ ಬೇಕೆಂದು ಮೊದಲೇ ವಿಚಾರಿಸಿಕೊಂಡು, ಅದಾದ ಮೇಲೆಯೇ ಕೋಶಕ್ಕೆ ಆರ್ಡರ್ ಕೊಡಿ.

ಕೋಶ ಬೆಳೆಸಲು ಎರಡು ಮೂರು ವಾರ, ಪ್ರಯೋಗಕ್ಕೆ ಮೂರು ವಾರ, ಬಣ್ಣ ಮತ್ತು ಅಳತೆಗೆ ಒಂದು ವಾರ ಹಿಡಿದರೆ ಒಂದು ಸುತ್ತಿಗೆ ಸುಮಾರು ಏಳು ವಾರ ಬೇಕು. ದೀಪಾವಳಿ ಮುಗಿಸಿ ಆರಂಭಿಸಿದರೆ ಮಾರ್ಚ್ ಹೊತ್ತಿಗೆ ಬರುವ ಶರಣಬಸವೇಶ್ವರರ ಜಾತ್ರೆಯೊಳಗೆ ಎರಡು ಸುತ್ತು ಆಗುತ್ತದೆ. ಜಾತ್ರೆಯ ನಂತರ ಬಿಸಿಲು ಯಾರ ಮಾತೂ ಕೇಳುವುದಿಲ್ಲ.

ಎರಡನೇ ಹಂತ: ಕೋಶಗಳನ್ನು ಬೆಳೆಸುವುದು

ಕೊಂಡು ತರುವ ಕೋಶಗಳು ಎರಡನೇ ಅಥವಾ ಮೂರನೇ ಪ್ಯಾಸೇಜಿನವಾಗಿರಲಿ (ಕೋಶಗಳನ್ನು ಬಿಡಿಸಿ ಹೊಸ ಫ್ಲಾಸ್ಕಿಗೆ ಹಾಕಿದ ಪ್ರತಿ ಸಲವೂ ಒಂದು ಪ್ಯಾಸೇಜ್). ಅವು ಬಂದೊಡನೆ ದ್ರವ ಸಾರಜನಕಕ್ಕೆ ಹೋಗಬೇಕು. ಜಾನುವಾರುಗಳ ಕೃತಕ ಗರ್ಭಧಾರಣೆಗೆ ವೀರ್ಯ ನಳಿಕೆಗಳನ್ನು ಇಡುವ ಕ್ಯಾನ್ ನಮ್ಮ ಭಾಗದಲ್ಲಿ ಎಲ್ಲರೂ ನೋಡಿರುವಂಥದ್ದೇ. ಇದೂ ಅದೇ, ಮೈನಸ್ 196 ಡಿಗ್ರಿ.

ಹೊರತೆಗೆದ ವಯಲನ್ನು 37 ಡಿಗ್ರಿಯ ನೀರಿನಲ್ಲಿ ಅಲುಗಿಸುತ್ತ, ಒಳಗೆ ಬೇಳೆಯಷ್ಟು ಐಸ್ ಉಳಿದಿರುವಾಗಲೇ ಎತ್ತಿಕೊಂಡು, ಬೆಚ್ಚಗಿನ 10 ಮಿಲಿಲೀಟರ್ ಮೀಡಿಯಂಗೆ ಹನಿಹನಿಯಾಗಿ ಸೇರಿಸಿ. ಮೀಡಿಯಂ ಎಂದರೆ ಕಡಿಮೆ ಗ್ಲೂಕೋಸಿನ ಡಿಎಂಇಎಂ ಎಂಬ ಪೋಷಕ ದ್ರವ, ಶೇ 10ರಷ್ಟು ಎಫ್‌ಬಿಎಸ್ (ಕರುವಿನ ಭ್ರೂಣದ) ಸೀರಮ್, ಶೇ 1ರಷ್ಟು ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್. ಚದರ ಸೆಂಟಿಮೀಟರಿಗೆ 3,000ದಿಂದ 5,000 ಕೋಶಗಳಂತೆ ಬಿತ್ತಿ, ಶೇ 5ರ ಇಂಗಾಲದ ಡೈಆಕ್ಸೈಡಿನಲ್ಲಿ ಇಡಿ. ಫ್ಲಾಸ್ಕಿನ ತಳ ಶೇ 70ರಿಂದ 80ರಷ್ಟು ತುಂಬಿದಾಗ ಬಿಡಿಸಿ. ಪೂರ್ತಿ ತುಂಬುವವರೆಗೆ ಕಾಯುವುದು ಸೋಮಾರಿತನ, ಒತ್ತೊತ್ತಾದ ಕೋಶಗಳು ತಾವಾಗಿಯೇ ದಾರಿ ಬದಲಿಸತೊಡಗುತ್ತವೆ. ಐದನೇ ಪ್ಯಾಸೇಜ್ ದಾಟಿದ ಕೋಶಗಳಿಂದ ಮೃದ್ವಸ್ಥಿಯನ್ನು ನಿರೀಕ್ಷಿಸಬೇಡಿ. ಬೆಳೆಸುವ ದಿನಗಳಲ್ಲಿ ಮಿಲಿಲೀಟರಿಗೆ 5 ನ್ಯಾನೋಗ್ರಾಂ ಎಫ್‌ಜಿಎಫ್-2 ಎಂಬ ಇನ್ನೊಂದು ಗ್ರೋತ್ ಫ್ಯಾಕ್ಟರ್ ಸೇರಿಸಿದರೆ ಕೋಶಗಳು ಬೇಗ ಹೆಚ್ಚುವುದಷ್ಟೇ ಅಲ್ಲದೆ ಮುಂದೆ ಮೃದ್ವಸ್ಥಿಯತ್ತ ತಿರುಗುವ ಶಕ್ತಿಯನ್ನೂ ಉಳಿಸಿಕೊಳ್ಳುತ್ತವೆ. ಆದರೆ ಈ ಪ್ರೋಟೀನು ಬಿಸಿಗೆ ಬಹಳ ನಾಜೂಕು. 37 ಡಿಗ್ರಿಯಲ್ಲಿ ಒಂದೆರಡು ದಿನದೊಳಗೆ ಶಕ್ತಿ ಕಳೆದುಕೊಳ್ಳುವುದರಿಂದ ಪ್ರತಿ ಸಲ ಮೀಡಿಯಂ ಬದಲಿಸುವಾಗ ಹೊಸದಾಗಿ ಹಾಕಬೇಕು.

ಇವು ನಿಜಕ್ಕೂ ಮೆಸೆಂಕೈಮಲ್ ಕಾಂಡಕೋಶಗಳೇ ಎಂಬುದಕ್ಕೆ 2006ರಿಂದ ಒಂದು ಅಂತರರಾಷ್ಟ್ರೀಯ ಅಳತೆಗೋಲಿದೆ: ಪ್ಲಾಸ್ಟಿಕ್ಕಿಗೆ ಅಂಟಿ ಬೆಳೆಯಬೇಕು, ಶೇ 95ಕ್ಕಿಂತ ಹೆಚ್ಚು ಕೋಶಗಳ ಮೇಲೆ ಸಿಡಿ-73, ಸಿಡಿ-90, ಸಿಡಿ-105 ಎಂಬ ಗುರುತು ಪ್ರೋಟೀನುಗಳು ಇರಬೇಕು, ಸಿಡಿ-45, ಸಿಡಿ-34ರಂಥ ರಕ್ತಕೋಶದ ಗುರುತುಗಳು ಶೇ 2ನ್ನು ಮೀರಬಾರದು, ಮೂರೂ ದಾರಿಗಳಿಗೆ ತಿರುಗಬಲ್ಲವಾಗಿರಬೇಕು. ಮಾರಾಟಗಾರರ ಪ್ರಮಾಣಪತ್ರದಲ್ಲಿ ಇದನ್ನು ನೋಡಿಕೊಳ್ಳಿ. ಮೈಕೊಪ್ಲಾಸ್ಮಾ ಪರೀಕ್ಷೆಯನ್ನು ಮಾತ್ರ ನೀವೇ ಮಾಡಿಸಿ. ಕೋಶಭಿತ್ತಿಯಿಲ್ಲದ ಈ ಸೂಕ್ಷ್ಮಾಣುವಿಗೆ ಪೆನಿಸಿಲಿನ್ ನಾಟುವುದಿಲ್ಲ, ಅದು ಸೇರಿಕೊಂಡ ಮೀಡಿಯಂ ಕದಡುವುದೂ ಇಲ್ಲ.

ಮೂರನೇ ಹಂತ: ಫ್ಯಾಕ್ಟರನ್ನು ಕರಗಿಸುವುದು

ಇಡೀ ಪ್ರಯೋಗದಲ್ಲಿ ಅತ್ಯಂತ ಹೆಚ್ಚು ಹಣ ಹೋಗುವುದು ಇಲ್ಲಿ, ಅತ್ಯಂತ ಹೆಚ್ಚು ತಪ್ಪುಗಳಾಗುವುದೂ ಇಲ್ಲಿಯೇ. ಟಿಜಿಎಫ್-ಬೀಟಾ-3 ಒಣಪುಡಿಯಾಗಿ ಬರುತ್ತದೆ, ಆದರೆ 10 ಮೈಕ್ರೋಗ್ರಾಂ ಪುಡಿ ಕಣ್ಣಿಗೆ ಕಾಣುವುದಿಲ್ಲ. ಖಾಲಿ ಸೀಸೆ ಕಳಿಸಿದ್ದಾರೆ ಎಂದು ಅಂಗಡಿಗೆ ಫೋನ್ ಮಾಡಿದವರನ್ನು ನಾನು ನೋಡಿದ್ದೇನೆ. ಪುಡಿ ಮುಚ್ಚಳಕ್ಕೆ ಅಂಟಿರಬಹುದಾದ ಕಾರಣ ತೆರೆಯುವ ಮೊದಲು ಸೀಸೆಯನ್ನು ಅರ್ಧ ನಿಮಿಷ ಸೆಂಟ್ರಿಫ್ಯೂಜ್ ಮಾಡಿ ತಳಕ್ಕೆ ಇಳಿಸಿಕೊಳ್ಳಿ.

ಕರಗಿಸಲು ಬರೀ ನೀರು ಬೇಡ. 4 ಮಿಲಿಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮಿಲಿಲೀಟರಿಗೆ 1 ಮಿಲಿಗ್ರಾಂ ಬಿಎಸ್‌ಎ (ದನದ ರಕ್ತದ ಆಲ್ಬುಮಿನ್ ಪ್ರೋಟೀನು) ಸೇರಿಸಿ ಸೋಸಿದ ದ್ರಾವಣ ಬೇಕು. ಆಮ್ಲವಿಲ್ಲದೆ ಈ ಪ್ರೋಟೀನು ಸರಿಯಾಗಿ ಕರಗುವುದಿಲ್ಲ. ಬಿಎಸ್‌ಎ ಇಲ್ಲದಿದ್ದರೆ ಕರಗಿದ್ದೂ ಟ್ಯೂಬಿನ ಗೋಡೆಗೆ ಅಂಟಿಕೊಂಡು ಕೋಶಗಳಿಗೆ ಸಿಗದೆ ಹೋಗುತ್ತದೆ. 10 ಮೈಕ್ರೋಗ್ರಾಂ ಸೀಸೆಗೆ ಈ ದ್ರಾವಣವನ್ನು 1 ಮಿಲಿಲೀಟರ್ ಹಾಕಿ, ಮೆಲ್ಲಗೆ ತಿರುಗಿಸಿ. ವೋರ್ಟೆಕ್ಸ್ ಮಾಡಬಾರದು, ನೊರೆ ಬರಿಸಬಾರದು. ಈಗ 1 ಮೈಕ್ರೋಲೀಟರಿನಲ್ಲಿ 10 ನ್ಯಾನೋಗ್ರಾಂ ಇದೆ. ಕೋಶಗಳಿಗೆ ಬೇಕಾದದ್ದು ಮಿಲಿಲೀಟರಿಗೆ 10 ನ್ಯಾನೋಗ್ರಾಂ. ಅಂದರೆ 1 ಮಿಲಿಲೀಟರ್ ಮೀಡಿಯಂಗೆ 1 ಮೈಕ್ರೋಲೀಟರ್, ಸಾವಿರಕ್ಕೆ ಒಂದು. ಲೆಕ್ಕ ಇಷ್ಟು ಸರಳವಾಗಿ ಬರಲೆಂದೇ ಈ ಪ್ರಮಾಣವನ್ನು ಆರಿಸಿದ್ದು. ಆರು ಪೆಲೆಟ್‌ಗಳಿಗೆ (ಐದನೇ ಹಂತದಲ್ಲಿ ಕಟ್ಟುವ ಕೋಶಗಳ ಉಂಡೆಗಳಿಗೆ) ಒಂದು ಸಲ ಮೀಡಿಯಂ ಬದಲಿಸಲು 3 ಮಿಲಿಲೀಟರ್, ಮೂರು ವಾರಕ್ಕೆ ಸುಮಾರು ಹತ್ತು ಬದಲಾವಣೆ. ಒಟ್ಟು 300 ನ್ಯಾನೋಗ್ರಾಂ. ಒಂದು ಮೈಕ್ರೋಗ್ರಾಂನ ಮೂರನೇ ಒಂದು ಪಾಲೂ ಆಗಲಿಲ್ಲ. ಹಾಗಾಗಿ ದೊಡ್ಡ ಸೀಸೆಗೆ ಹಣ ಹಾಕುವ ಮೊದಲು ಈ ಗುಣಾಕಾರವನ್ನು ಒಂದು ಚೀಟಿಯ ಮೇಲೆ ಮಾಡಿ ನೋಡಿ, ಇಲ್ಲವೇ ಇಬ್ಬರು ವಿದ್ಯಾರ್ಥಿಗಳು ಒಂದೇ ಸೀಸೆಯನ್ನು ಹಂಚಿಕೊಳ್ಳಿ.

ಕರಗಿಸಿದ್ದನ್ನು 20 ಮೈಕ್ರೋಲೀಟರಿನಂತೆ ಚಿಕ್ಕ ಟ್ಯೂಬುಗಳಿಗೆ ಹಂಚಿ ಮೈನಸ್ 80ರಲ್ಲಿ ಇಡಿ. ವಾರಕ್ಕೊಂದು ಟ್ಯೂಬ್ ಹೊರತೆಗೆದು, ಆ ವಾರವೆಲ್ಲ 4 ಡಿಗ್ರಿಯಲ್ಲಿಟ್ಟು ಬಳಸಿ, ಉಳಿದದ್ದನ್ನು ಚೆಲ್ಲಿಬಿಡಿ. ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸಬಾರದು. ಮನೆಯಲ್ಲಿ ಬಳಸುವಂಥ ಫ್ರಾಸ್ಟ್-ಫ್ರೀ ಫ್ರಿಜ್ ಇದಕ್ಕೆ ಬೇಡ. ಐಸ್ ಕಟ್ಟದಂತೆ ಅದು ತಾನಾಗಿಯೇ ಆಗಾಗ ಬೆಚ್ಚಗಾಗುತ್ತದೆ.

ನಮ್ಮಲ್ಲಿ ಒಂದು ಬೇಸಿಗೆಯಲ್ಲಿ ಶನಿವಾರ ರಾತ್ರಿ ಹೋದ ಕರೆಂಟ್ ಭಾನುವಾರ ಮಧ್ಯಾಹ್ನ ಬಂದಿತ್ತು. ಸೋಮವಾರ ನಾನು ಫ್ರೀಜರ್ ತೆರೆದಾಗ ಅಂಕಿ ಸರಿಯಾಗಿಯೇ ತೋರಿಸುತ್ತಿತ್ತು, ಟ್ಯೂಬುಗಳೂ ಗಟ್ಟಿಯಾಗಿದ್ದವು, ಹೀಗಾಗಿ ಅನುಮಾನವೇ ಬರಲಿಲ್ಲ. ಮೂರು ವಾರದ ನಂತರ ಫ್ಯಾಕ್ಟರ್ ಹಾಕಿದ ಪೆಲೆಟ್‌ಗಳೂ ಹಾಕದವೂ ಒಂದೇ ಬಿಳಿಚು ಬಣ್ಣದಲ್ಲಿ ಕುಳಿತಿದ್ದವು. ಆಮೇಲೆ ಫ್ರೀಜರಿನಲ್ಲಿ ಒಂದು ಸ್ಟೀಲ್ ಲೋಟದ ನೀರನ್ನು ಹೆಪ್ಪುಗಟ್ಟಿಸಿ, ಅದರ ಮೇಲೆ ಒಂದು ರೂಪಾಯಿಯ ನಾಣ್ಯ ಇಟ್ಟಿದ್ದೇವೆ. ನಾಣ್ಯ ಐಸಿನೊಳಗೆ ಇಳಿದಿದ್ದರೆ ನಡುವೆ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ. ಈ ಉಪಾಯಕ್ಕೆ ಬ್ಯಾಟರಿ ಬೇಡ, ಅಲಾರಂ ಬೇಡ.

ನಾಲ್ಕನೇ ಹಂತ: ಮೀಡಿಯಂ ತಯಾರಿ

ಈ ಬಾರಿ ಹೆಚ್ಚು ಗ್ಲೂಕೋಸಿನ ಡಿಎಂಇಎಂ ತೆಗೆದುಕೊಳ್ಳಿ. ಅದಕ್ಕೆ ಶೇ 1ರಷ್ಟು ಐಟಿಎಸ್ (ಇನ್ಸುಲಿನ್, ಟ್ರಾನ್ಸ್‌ಫೆರಿನ್, ಸೆಲೆನಿಯಂ), 100 ನ್ಯಾನೋಮೋಲಾರ್ ಡೆಕ್ಸಾಮೆಥಾಸೋನ್, ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಆಸ್ಕಾರ್ಬಿಕ್ ಆಮ್ಲ-2-ಫಾಸ್ಫೇಟ್, 40 ಮೈಕ್ರೋಗ್ರಾಂ ಪ್ರೋಲಿನ್, 100 ಮೈಕ್ರೋಗ್ರಾಂ ಸೋಡಿಯಂ ಪೈರುವೇಟ್ ಮತ್ತು ಎಂದಿನ ಪ್ರತಿಜೀವಕ ಸೇರಿಸಿ. ಸೀರಮ್ ಇಲ್ಲಿ ಬೇಡವೇ ಬೇಡ. ಸೀರಮ್ಮಿನಲ್ಲಿ ಸ್ವತಃ ಟಿಜಿಎಫ್-ಬೀಟಾ ಅಡಗಿರುತ್ತದೆ, ಜೊತೆಗೆ ಮೃದ್ವಸ್ಥಿಯನ್ನು ತಡೆಯುವ ಅಂಶಗಳೂ ಇರುತ್ತವೆ. ಅದು ಇದ್ದರೆ ನಿಮ್ಮ ಹೋಲಿಕೆಗೆ ಅರ್ಥ ಉಳಿಯುವುದಿಲ್ಲ. ಸಾದಾ ವಿಟಮಿನ್ ಸಿ ಬದಲು 2-ಫಾಸ್ಫೇಟ್ ರೂಪವನ್ನು ಹೇಳಿರುವುದು ಅದು ಮೀಡಿಯಂನಲ್ಲಿ ದಿನಗಟ್ಟಲೆ ಉಳಿಯುತ್ತದೆ ಎಂಬ ಕಾರಣಕ್ಕೆ. ಈ ಮೂಲ ಮೀಡಿಯಂ ಎರಡೂ ಗುಂಪಿಗೆ ಒಂದೇ ಬಾಟಲಿಯಿಂದ ಹೋಗಬೇಕು. ಟಿಜಿಎಫ್-ಬೀಟಾ-3ನ್ನು ಅಂದಂದು ಬೇಕಾದಷ್ಟು ಮೀಡಿಯಂಗೆ ಮಾತ್ರ ಸೇರಿಸಿ. ಇನ್ನೊಂದು ಗುಂಪಿಗೆ ಫ್ಯಾಕ್ಟರ್ ಇಲ್ಲದ, ಆದರೆ ಅದೇ ಆಮ್ಲ-ಬಿಎಸ್‌ಎ ದ್ರಾವಣವನ್ನು ಅಷ್ಟೇ ಪ್ರಮಾಣದಲ್ಲಿ ಹಾಕಿ.

ಐದನೇ ಹಂತ: ಪೆಲೆಟ್ ಕಟ್ಟುವುದು

ತಟ್ಟೆಯಲ್ಲಿ ಹರಡಿಕೊಂಡ ಕಾಂಡಕೋಶಕ್ಕೆ ಎಷ್ಟೇ ಟಿಜಿಎಫ್-ಬೀಟಾ ಕೊಟ್ಟರೂ ಅದು ಒಳ್ಳೆಯ ಮೃದ್ವಸ್ಥಿಯಾಗುವುದಿಲ್ಲ. ಭ್ರೂಣದಲ್ಲಿ ಕೈಕಾಲು ಮೂಡುವಾಗ ಕೋಶಗಳು ಮೊದಲು ಒತ್ತೊತ್ತಾಗಿ ಗುಂಪುಗೂಡುತ್ತವೆ, ಆಮೇಲೆ ಮೃದ್ವಸ್ಥಿ ಹುಟ್ಟುತ್ತದೆ. 1998ರಲ್ಲಿ ಬ್ರಯನ್ ಜಾನ್‌ಸ್ಟೋನ್ ಮತ್ತು ಸಂಗಡಿಗರು ಅಸ್ಥಿಮಜ್ಜೆಯ ಕೋಶಗಳಿಗೆ ತೋರಿಸಿಕೊಟ್ಟ ಪೆಲೆಟ್ ವಿಧಾನ ಆ ಗುಂಪುಗೂಡುವಿಕೆಯನ್ನೇ ಟ್ಯೂಬಿನ ತಳದಲ್ಲಿ ಅನುಕರಿಸುತ್ತದೆ.

ಒಂದು ಪೆಲೆಟ್‌ಗೆ ಎರಡೂವರೆ ಲಕ್ಷ ಕೋಶಗಳು ಬೇಕು. ಫ್ಯಾಕ್ಟರ್ ಹಾಕಿದ ಆರು, ಹಾಕದ ಆರು ಎಂದರೆ ಮೂವತ್ತು ಲಕ್ಷ. ಎಣಿಕೆಯಲ್ಲಿ, ತೊಳೆಯುವಲ್ಲಿ ಕಳೆದುಹೋಗುವುದನ್ನೂ ಸೇರಿಸಿ ನಲವತ್ತು ಲಕ್ಷಕ್ಕೆ ಸಿದ್ಧರಾಗಿ. 75 ಚದರ ಸೆಂಟಿಮೀಟರಿನ ಮೂರು ನಾಲ್ಕು ಫ್ಲಾಸ್ಕುಗಳು ಇದಕ್ಕೆ ಸಾಕು. ಟ್ರಿಪ್ಸಿನ್‌ನಿಂದ ಬಿಡಿಸಿ, ಸೀರಮ್ ಇರುವ ಮೀಡಿಯಂನಿಂದ ಅದನ್ನು ತಡೆದು, ಬಳಿಕ ಸೀರಮ್ ಇಲ್ಲದ ಮೀಡಿಯಂನಲ್ಲಿ ಎರಡು ಸಲ ತೊಳೆದು, ಟ್ರಿಪಾನ್ ಬ್ಲೂ ಹಾಕಿ ಎಣಿಸಿ. ಜೀವಂತ ಕೋಶಗಳು ಶೇ 90ಕ್ಕಿಂತ ಕಡಿಮೆ ಇದ್ದರೆ ಅಂದು ಪ್ರಯೋಗ ಆರಂಭಿಸಬೇಡಿ.

ಮಿಲಿಲೀಟರಿಗೆ ಐದು ಲಕ್ಷದಂತೆ ಕೋಶಗಳನ್ನು ಆಯಾ ಗುಂಪಿನ ಮೀಡಿಯಂನಲ್ಲಿ ಕದಡಿ, 15 ಮಿಲಿಲೀಟರಿನ ಮೊನೆತಳದ ಟ್ಯೂಬುಗಳಿಗೆ ಅರ್ಧರ್ಧ ಮಿಲಿಲೀಟರ್ ಹಾಕಿ. ಟ್ಯೂಬು ಪಾಲಿಪ್ರೊಪಿಲೀನಿನದೇ ಆಗಿರಲಿ, ಅದರ ಗೋಡೆಗೆ ಕೋಶಗಳು ಅಂಟುವುದಿಲ್ಲ. 500 ಜಿ ವೇಗದಲ್ಲಿ 5 ನಿಮಿಷ ಸೆಂಟ್ರಿಫ್ಯೂಜ್ ಮಾಡಿ. ಇಲ್ಲಿ ಹೇಳಿರುವುದು ಜಿ, ಆರ್‌ಪಿಎಂ ಅಲ್ಲ. ನಿಮ್ಮ ಯಂತ್ರದ ರೋಟರಿನ ತ್ರಿಜ್ಯ ನೋಡಿ ಪರಿವರ್ತಿಸಿಕೊಳ್ಳಬೇಕು. ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ, ಸ್ಟ್ಯಾಂಡನ್ನು ಎರಡೂ ಕೈಯಲ್ಲಿ ಹಿಡಿದು ಇನ್‌ಕ್ಯುಬೇಟರಿನಲ್ಲಿಡಿ. ಆ ರಾತ್ರಿ ಯಾರೂ ಅದನ್ನು ಮುಟ್ಟಬಾರದು.

ಮರುದಿನ ಟ್ಯೂಬನ್ನು ಎತ್ತಿ ಬೆಳಕಿಗೆ ಹಿಡಿದು, ಹಿಂದೆ ಕಪ್ಪು ಕಾಗದವಿಟ್ಟು ನೋಡಿ. ತಳದಲ್ಲಿ ತೆಳ್ಳಗೆ ಹರಡಿದ್ದ ಬಿಳಿ ಪದರದ ಅಂಚುಗಳು, ಹೆಂಚಿನ ಮೇಲೆ ಹೆಚ್ಚು ಹೊತ್ತು ಬಿಟ್ಟ ರೊಟ್ಟಿಯ ಅಂಚಿನಂತೆ, ಒಳಕ್ಕೆ ಮಡಚಿಕೊಳ್ಳುತ್ತಿರುತ್ತವೆ. ಎರಡನೇ ದಿನಕ್ಕೆ ಅದು ದುಂಡಗಾಗಬೇಕು. ದುಂಡಗಾದರೂ ತಳಕ್ಕೆ ಅಂಟಿಕೊಂಡಿದ್ದರೆ ಟ್ಯೂಬಿನ ಕೆಳಗೆ ಬೆರಳಿನಿಂದ ಒಮ್ಮೆ ತಟ್ಟಿ. ಸಣ್ಣ ಬಿಳಿ ಮಣಿ ಎದ್ದು ತೇಲಿ ಮತ್ತೆ ನಿಧಾನ ಇಳಿಯುತ್ತದೆ. ಎಷ್ಟು ಸಲ ನೋಡಿದರೂ ಆ ಕ್ಷಣ ನನಗೆ ಹಳೆಯದಾಗಿಲ್ಲ.

ಆರನೇ ಹಂತ: ಇಪ್ಪತ್ತೊಂದು ದಿನಗಳು

ಸೋಮವಾರ, ಬುಧವಾರ, ಶುಕ್ರವಾರ ಮೀಡಿಯಂ ಬದಲಿಸಿ. ಪಿಪೆಟ್ಟಿನ ತುದಿಯನ್ನು ದ್ರವದ ಮೇಲ್ಭಾಗದಲ್ಲೇ ಇಟ್ಟು, ಟ್ಯೂಬನ್ನು ಓರೆಯಾಗಿಸಿ, ತಳದಲ್ಲಿ ಸ್ವಲ್ಪ ಉಳಿಸಿ ಎಳೆದುಕೊಳ್ಳಿ. ಪೆಲೆಟ್ ಪಿಪೆಟ್ಟಿನೊಳಗೆ ಹೋಗಿ ಕಸದ ಬಾಟಲಿಗೆ ಬೀಳುವುದು ಎಲ್ಲರಿಗೂ ಒಮ್ಮೆ ಆಗುತ್ತದೆ. ಆದ್ದರಿಂದ ಎಳೆದ ದ್ರವವನ್ನು ಮೊದಲು ಒಂದು ತಟ್ಟೆಗೆ ಬಿಟ್ಟು, ನೋಡಿ, ನಂತರ ಚೆಲ್ಲಿ. ದಿನಚರಿಯಲ್ಲಿ ಪ್ರತಿ ಸಲ ಕೋಣೆಯ ಉಷ್ಣತೆ, ಇನ್‌ಕ್ಯುಬೇಟರಿನ ಉಷ್ಣತೆ, ಕರೆಂಟ್ ಹೋಗಿ ಬಂದ ಹೊತ್ತು ಬರೆಯಿರಿ.

ಎರಡನೇ ವಾರದ ಹೊತ್ತಿಗೆ ಗುಂಪುಗಳು ಬೇರೆಯಾಗುತ್ತವೆ. ಫ್ಯಾಕ್ಟರ್ ಸಿಕ್ಕವು ಹೊಳಪು ಬಂದು ಸಾಸಿವೆ ಕಾಳಿನ ಗಾತ್ರದತ್ತ ಬೆಳೆಯುತ್ತವೆ, ಸಿಗದವು ಗಸಗಸೆಯಷ್ಟಕ್ಕೆ ಕುಗ್ಗುತ್ತವೆ ಅಥವಾ ಸಡಿಲವಾಗಿ ಉದುರತೊಡಗುತ್ತವೆ. ಈ ಬೆಳವಣಿಗೆ ಕೋಶಗಳ ಸಂಖ್ಯೆ ಹೆಚ್ಚಿದ್ದರಿಂದ ಆದದ್ದಲ್ಲ, ಕೋಶಗಳ ನಡುವೆ ಸೇರಿದ ಕೊಲಾಜೆನ್, ಅಗ್ರಿಕ್ಯಾನ್ ಮತ್ತು ನೀರಿನಿಂದ ಆದದ್ದು.

ಏಳನೇ ಹಂತ: ಮೃದ್ವಸ್ಥಿಯೇ ಎಂದು ತೋರಿಸುವುದು

ಗುಂಪಿಗೆ ಎರಡು ಪೆಲೆಟ್‌ಗಳನ್ನು ಶೇ 4ರ ಪ್ಯಾರಾಫಾರ್ಮಾಲ್ಡಿಹೈಡಿನಲ್ಲಿ ಇಟ್ಟು, ಮೇಣದಲ್ಲಿ ಹುದುಗಿಸಿ, 5 ಮೈಕ್ರಾನಿನ ಸೀಳುಗಳನ್ನು ಮಾಡಿಸಿ. ಮೈಕ್ರೋಟೋಮ್ ಇಲ್ಲದವರು ಹತ್ತಿರದ ವೈದ್ಯಕೀಯ ಅಥವಾ ಪಶುವೈದ್ಯಕೀಯ ಕಾಲೇಜಿನ ಪೆಥಾಲಜಿ ವಿಭಾಗವನ್ನು ವಿನಂತಿಸಬಹುದು. ಇಷ್ಟು ಚಿಕ್ಕ ಚೂರು ಮೇಣದಲ್ಲಿ ಕಳೆದುಹೋಗದಿರಲು ಮೊದಲೇ ಅದನ್ನು ಅಗರ್ ತುಂಡಿನಲ್ಲಿ ಕೂರಿಸಿ ಕೊಡಿ. 2.5 ಪಿಎಚ್‌ನ ಶೇ 1ರ ಆಲ್ಸಿಯನ್ ಬ್ಲೂ ಬಣ್ಣದಲ್ಲಿ 30 ನಿಮಿಷ ಇಟ್ಟರೆ ಅಗ್ರಿಕ್ಯಾನ್‌ಗೆ ಅಂಟಿಕೊಂಡಿರುವ ಆಮ್ಲೀಯ ಶರ್ಕರಗಳು ನೀಲಿಯಾಗುತ್ತವೆ. ನೀಲಿಯ ನಡುವೆ ಪುಟ್ಟ ಗುಳಿಗಳಲ್ಲಿ ಒಂಟಿಯಾಗಿ ಕುಳಿತ ದುಂಡು ಕೋಶಗಳು ಕಂಡರೆ ಪ್ರಯೋಗ ಗೆದ್ದಂತೆ.

ಉಳಿದ ಎರಡನ್ನು ಪಪೈನ್‌ನಲ್ಲಿ 60 ಡಿಗ್ರಿಗೆ ಕರಗಿಸಿ, ಡಿಎಂಎಂಬಿ ಬಣ್ಣದಿಂದ 525 ನ್ಯಾನೋಮೀಟರಿನಲ್ಲಿ ಶರ್ಕರದ ಪ್ರಮಾಣ ಅಳೆದು, ಅದೇ ಟ್ಯೂಬಿನ ಡಿಎನ್‌ಎ ಪ್ರಮಾಣದಿಂದ ಭಾಗಿಸಿ. ಕೊನೆಯ ಎರಡರಲ್ಲಿ ಸಾಕ್ಸ್-9, ಎರಡನೇ ಬಗೆಯ ಕೊಲಾಜೆನ್, ಅಗ್ರಿಕ್ಯಾನ್ ಇವುಗಳ ಜೊತೆಗೆ ಹತ್ತನೇ ಬಗೆಯ ಕೊಲಾಜೆನ್‌ನ ಜೀನನ್ನೂ ಅಳೆಯಿರಿ. ಈ ಹತ್ತನೆಯದನ್ನು ಅನೇಕರು ಬಿಟ್ಟುಬಿಡುತ್ತಾರೆ, ಏಕೆಂದರೆ ಅದು ಕೆಟ್ಟ ಸುದ್ದಿ ಹೇಳುತ್ತದೆ. ಅಸ್ಥಿಮಜ್ಜೆಯ ಕಾಂಡಕೋಶಗಳಿಂದ ಆದ ಮೃದ್ವಸ್ಥಿ ಕೀಲಿನ ಮೃದ್ವಸ್ಥಿಯಂತೆ ನಿಲ್ಲದೆ, ಮೂಳೆಯಾಗುವ ಮುಂಚಿನ ಉಬ್ಬಿದ ಸ್ಥಿತಿಯತ್ತ ಜಾರುತ್ತದೆ, ಆ ಜಾರುವಿಕೆಯ ಗುರುತು ಹತ್ತನೇ ಕೊಲಾಜೆನ್. 'ಸರ್, ಇದು ನಮ್ಮವ್ವನ ಮೊಣಕಾಲಿಗೆ ಹಾಕ್ಲಿಕ್ಕ ಬರ್ತದೇನ್ರಿ?' ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಬರುವುದಿಲ್ಲ, ಮತ್ತು ಏಕೆ ಬರುವುದಿಲ್ಲ ಎಂಬುದಕ್ಕೆ ಈ ಒಂದು ಜೀನಿನ ಅಳತೆಯೂ ಉತ್ತರದ ಒಂದು ಭಾಗ. 2017ರ ಮಾರ್ಗಸೂಚಿಯ ಪ್ರಕಾರ ಕೆಲವು ರಕ್ತರೋಗಗಳಂಥವಕ್ಕೆ ಮಾಡುವ ರಕ್ತಕಾಂಡಕೋಶದ ಕಸಿಯನ್ನು ಬಿಟ್ಟು ಬೇರಾವ ಕಾಂಡಕೋಶ ಚಿಕಿತ್ಸೆಯನ್ನೂ ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನ ಹೊರಗೆ ರೋಗಿಗೆ ಕೊಡುವಂತಿಲ್ಲ.

ಮೂಳೆ ಮತ್ತು ಕೊಬ್ಬಿನ ದಾರಿ, ಚುಟುಕಾಗಿ

ಹೋಲಿಕೆಗಾಗಿ ಇವನ್ನೂ ಮಾಡಬೇಕೆಂದಿದ್ದರೆ 24 ಗುಳಿಗಳ ತಟ್ಟೆ ಸಾಕು. ಮೂಳೆಗೆ ಸೀರಮ್ ಇರುವ ಮೀಡಿಯಂಗೆ 100 ನ್ಯಾನೋಮೋಲಾರ್ ಡೆಕ್ಸಾಮೆಥಾಸೋನ್, ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಆಸ್ಕಾರ್ಬೇಟ್-2-ಫಾಸ್ಫೇಟ್, 10 ಮಿಲಿಮೋಲಾರ್ ಬೀಟಾ-ಗ್ಲಿಸರೋಫಾಸ್ಫೇಟ್ ಸೇರಿಸಿ ಮೂರು ವಾರ ಇಡಿ. ಬಿಎಂಪಿ-2ನ್ನು ಮಿಲಿಲೀಟರಿಗೆ 100 ನ್ಯಾನೋಗ್ರಾಂನಂತೆ ಇನ್ನೊಂದು ಗುಂಪಿಗೆ ಹಾಕಿ ನೋಡಬಹುದು. ಕೊಬ್ಬಿಗೆ 1 ಮೈಕ್ರೋಮೋಲಾರ್ ಡೆಕ್ಸಾಮೆಥಾಸೋನ್, 0.5 ಮಿಲಿಮೋಲಾರ್ ಐಬಿಎಂಎಕ್ಸ್, ಮಿಲಿಲೀಟರಿಗೆ 10 ಮೈಕ್ರೋಗ್ರಾಂ ಇನ್ಸುಲಿನ್, 0.2 ಮಿಲಿಮೋಲಾರ್ ಇಂಡೊಮೆಥಾಸಿನ್. ಆಯಿಲ್ ರೆಡ್ ಓ ಬಣ್ಣದಲ್ಲಿ ಕೊಬ್ಬಿನ ಹನಿಗಳು ಕೆಂಪಾಗುತ್ತವೆ.

ಮೂಳೆಗೆ ಹಾಕುವ ಅಲಿಜರಿನ್ ರೆಡ್ ಬಣ್ಣದ ವಿಷಯದಲ್ಲಿ ನಮ್ಮ ಊರಿನವರಿಗೆ ಒಂದು ವಿಶೇಷ ಎಚ್ಚರಿಕೆ. ಅದು ಕ್ಯಾಲ್ಸಿಯಂ ಸಿಕ್ಕಲ್ಲೆಲ್ಲ ಹಿಡಿದುಕೊಳ್ಳುವ ಬಣ್ಣ. ಶಹಾಬಾದ್ ಕಲ್ಲು ಸಿಗುವ, ಸಿಮೆಂಟ್ ಕಾರ್ಖಾನೆಗಳು ನಿಂತಿರುವ ಈ ಸುಣ್ಣಕಲ್ಲಿನ ನೆಲದ ಬೋರ್‌ವೆಲ್ ನೀರು ಎಷ್ಟು ಗಡಸು ಎಂಬುದನ್ನು ಗೀಸರಿನ ಕಾಯಿಲ್‌ಗೆ ಕಟ್ಟಿದ ಬಿಳಿ ಪದರ ಹೇಳುತ್ತದೆ. ನಲ್ಲಿಯ ನೀರಿನಲ್ಲಿ ತೊಳೆದ ಗುಳಿಗಳಲ್ಲಿ ಏನೂ ಹಾಕದ ಕೋಶಗಳ ಮೇಲೂ ಕೆಂಪು ಕಣಗಳು ಕುಳಿತು, ಮೂಳೆಯಾಗಿದೆ ಎಂಬ ಭ್ರಮೆ ಹುಟ್ಟಿಸಿದ್ದುಂಟು. ಬಣ್ಣ ಕರಗಿಸಲು, ತೊಳೆಯಲು ಎರಡಕ್ಕೂ ಡಿಸ್ಟಿಲ್ಡ್ ನೀರನ್ನೇ ಬಳಸಿ, ಬಣ್ಣದ ಪಿಎಚ್ ಅನ್ನು 4.2ರ ಹತ್ತಿರ ಇಡಿ.

ಫಲಿತಾಂಶ ತಪ್ಪಿದಾಗ

ಎರಡೂ ಗುಂಪು ಬಿಳಿಚಿದ್ದರೆ ಮೊದಲು ಫ್ಯಾಕ್ಟರನ್ನು ಅನುಮಾನಿಸಿ, ಬಳಿಕ ಕೋಶದ ಪ್ಯಾಸೇಜನ್ನು. ಫ್ಯಾಕ್ಟರ್ ಸತ್ತಿದೆಯೋ ಇಲ್ಲವೋ ಎಂದು ತಿಳಿಯಲು ಮೂರು ವಾರ ಕಾಯಬೇಕಿಲ್ಲ. ಕೋಶಗಳನ್ನು ಸೀರಮ್ ಇಲ್ಲದೆ ಒಂದು ರಾತ್ರಿ ಇಟ್ಟು, ಮರುದಿನ ಅರ್ಧ ಗಂಟೆಯಿಂದ ಒಂದು ಗಂಟೆ ಫ್ಯಾಕ್ಟರ್ ಕೊಟ್ಟು, ವೆಸ್ಟರ್ನ್ ಬ್ಲಾಟ್‌ನಲ್ಲಿ (ಬೇಕಾದ ಪ್ರೋಟೀನನ್ನು ಪಟ್ಟಿಯಾಗಿ ತೋರಿಸುವ ವಿಧಾನ) ಫಾಸ್ಫೇಟ್ ಸೇರಿದ ಸ್ಮ್ಯಾಡ್-2ನ್ನು ಹುಡುಕಿ. ಪಟ್ಟಿ ಕಂಡರೆ ಫ್ಯಾಕ್ಟರ್ ಜೀವಂತವಾಗಿದೆ, ತಪ್ಪು ಮುಂದೆಲ್ಲೋ ಇದೆ. ಎರಡೂ ಗುಂಪು ನೀಲಿಯಾಗಿದ್ದರೆ ಟಿಪ್ಪಣಿ ಪುಸ್ತಕ ತೆರೆದು, ಹಾಕದ ಗುಂಪಿಗೆ ಫ್ಯಾಕ್ಟರ್ ಇದ್ದ ಮೀಡಿಯಂ ಹೋಯಿತೇ, ಸೀರಮ್ ತೊಳೆದದ್ದು ಸಾಕಾಗಿತ್ತೇ ಎಂದು ನೋಡಿ. ಅಂಚು ಮಾತ್ರ ನೀಲಿಯಾಗಿ ನಡುಭಾಗ ಬರಿದಾಗಿದ್ದರೆ ಪೆಲೆಟ್ ದೊಡ್ಡದಾಯಿತು, ಪೋಷಣೆ ಒಳಗೆ ತಲುಪಲಿಲ್ಲ. ಮುಂದಿನ ಸಲ ಎರಡು ಲಕ್ಷ ಕೋಶಗಳಿಗೆ ಇಳಿಸಿ.

ಎಲ್ಲವೂ ಸರಿಯಾಗಿದ್ದೂ ಫಲಿತಾಂಶ ಮಂಕಾಗಿ ಬರುವುದಕ್ಕೆ ದಾನಿಯೂ ಕಾರಣವಾಗಬಹುದು. ಒಬ್ಬರ ಅಸ್ಥಿಮಜ್ಜೆಯ ಕೋಶಗಳು ಕೊಟ್ಟಷ್ಟು ನೀಲಿಯನ್ನು ಇನ್ನೊಬ್ಬರವು ಕೊಡುವುದಿಲ್ಲ. ಆದ್ದರಿಂದ ಒಬ್ಬನೇ ದಾನಿಯ ಹನ್ನೆರಡು ಪೆಲೆಟ್‌ಗಳನ್ನು ಹನ್ನೆರಡು ಪ್ರಯೋಗಗಳೆಂದು ಲೆಕ್ಕ ಹಾಕಬೇಡಿ, ಅದು ಒಂದೇ ಪ್ರಯೋಗ. ಮೂವರು ದಾನಿಗಳ ಕೋಶಗಳಿಗೆ ಹಣವಿಲ್ಲದಿದ್ದರೆ ಒಬ್ಬರದರಲ್ಲೇ ಮಾಡಿ, ವರದಿಯಲ್ಲಿ ಹಾಗೆಂದೇ ಬರೆಯಿರಿ. ಎರಡನೇ ಸುತ್ತಿಗೆ ಬೇಕಾಗುವ ಸೀರಮ್ ಮತ್ತು ಫ್ಯಾಕ್ಟರನ್ನು ಮೊದಲ ಸುತ್ತಿನ ಅದೇ ಲಾಟ್ ಸಂಖ್ಯೆಯಲ್ಲಿ ಈಗಲೇ ಕಾಯ್ದಿರಿಸಿ, ಪಾರ್ಸೆಲ್ ವಾರದ ಆರಂಭದಲ್ಲಿ ಬಂದು ಸೇರುವಂತೆ ಕಳಿಸಲು ಹೇಳಿ.